ವರ್ಷದ ಹತ್ತು ಇಂಡೀ ಆಲ್ಬಂ: ಆರಿಸುವ ಮೊದಲು ಕೇಳುವುದು ಹೇಗೆ?

ಪ್ರಶ್ನೆ: ವಿಜಯಪುರದಲ್ಲಿ ನಾವು ಐದು ಮಂದಿ ಗೆಳೆಯರು ಪ್ರತಿ ಡಿಸೆಂಬರಿನಲ್ಲಿ ವರ್ಷದ ಮೆಚ್ಚಿನ ಹತ್ತು ಇಂಡೀ (ಸ್ವತಂತ್ರ ಸಂಗೀತದ) ಆಲ್ಬಂಗಳ ಪಟ್ಟಿ ಮಾಡುತ್ತೇವೆ. ಪ್ರತಿ ಸಲ ಜಗಳ. ಅರ್ಧಕ್ಕಿಂತ ಹೆಚ್ಚು ಹೆಸರು ದೀಪಾವಳಿ ಆದಮೇಲೆ ಬಂದವೇ ಇರುತ್ತವೆ. ಯಾವುದನ್ನು ಇಂಡೀ ಅನ್ನಬೇಕು ಅನ್ನುವುದೂ ಬಗೆಹರಿದಿಲ್ಲ. ಒಬ್ಬನ ಮನೆಯ ಸ್ಪೀಕರಿನಲ್ಲಿ ಚೆಂದ ಕೇಳಿದ್ದು ಇನ್ನೊಬ್ಬನ ಇಯರ್‌ಫೋನಿನಲ್ಲಿ ಸಪ್ಪೆ. ಈ ಸಲ ಸರಿಯಾಗಿ ಮಾಡಬೇಕು, ಗೆದ್ದ ಆಲ್ಬಮನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎಂದಿದ್ದೇವೆ. ಹೇಗೆ ಮಾಡುವುದು?

ಉತ್ತರ: ಐದು ಮಂದಿ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಉಪಕರಣದಲ್ಲಿ, ಬೇರೆ ಬೇರೆ ಸದ್ದಿನ ಮಟ್ಟದಲ್ಲಿ ಕೇಳಿದ್ದನ್ನು ಡಿಸೆಂಬರಿನ ಒಂದು ಸಂಜೆ ಕೂತು ತೂಗಲು ಹೋಗುತ್ತೀರಿ. ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಅದನ್ನು ಅಭಿರುಚಿಯ ತಲೆಗೆ ಕಟ್ಟಬೇಡಿ. ಮೊದಲು ಕೇಳುವ ಸ್ಥಿತಿಯನ್ನು ಸಮ ಮಾಡಿಕೊಳ್ಳಿ. ಆಮೇಲೂ ಉಳಿಯುವ ಜಗಳ ಅಸಲಿ ಜಗಳ, ಅದು ಇರಲಿ ಬಿಡಿ.

ಇಂಡೀ ಯಾವುದು ಎಂಬ ಪ್ರಶ್ನೆಗೆ ಶೈಲಿಯಲ್ಲಿ ಉತ್ತರ ಹುಡುಕಬೇಡಿ. ಗಿಟಾರು ಹಿಡಿದು ಮೆಲ್ಲಗೆ ಹಾಡಿದವರೆಲ್ಲ ಇಂಡೀ ಅಲ್ಲ. ಧ್ವನಿಮುದ್ರಣದ ಒಡೆತನ ಯಾರದು ಎಂದು ನೋಡಿ. ಸ್ಪಾಟಿಫೈ, ಆಪಲ್ ಮ್ಯೂಸಿಕ್ ಎರಡರಲ್ಲೂ ಆಲ್ಬಮ್ಮಿನ ಪುಟದ ತಳಕ್ಕೆ ಹೋದರೆ ವೃತ್ತದೊಳಗೆ ‘ಪಿ’ ಅಕ್ಷರದ ಗುರುತು, ಅದರ ಮುಂದೆ ವರ್ಷ, ಹೆಸರು ಇರುತ್ತವೆ. ಧ್ವನಿಮುದ್ರಣದ ಹಕ್ಕುದಾರ ಅವರೇ. ವೃತ್ತದೊಳಗಿನ ‘ಸಿ’ ಮುಖಪುಟ, ಬರಹ ಮುಂತಾದವುಗಳ ಹಕ್ಕು. ನಿಮಗೆ ಬೇಕಾದದ್ದು ‘ಪಿ’ ಸಾಲು. ಅಲ್ಲಿ ಕಲಾವಿದರ ಸ್ವಂತ ಹೆಸರಿದ್ದರೆ ಅಥವಾ ಸಣ್ಣ ಸ್ವತಂತ್ರ ಕಂಪನಿಯ ಹೆಸರಿದ್ದರೆ ಒಳಗೆ. ಯೂನಿವರ್ಸಲ್, ಸೋನಿ, ವಾರ್ನರ್ ಈ ಮೂರು ದೊಡ್ಡ ಸಂಗೀತ ಕಂಪನಿಗಳಲ್ಲಿ ಒಂದು, ಇಲ್ಲವೇ ಅವುಗಳ ಕೈಕೆಳಗಿನ ಲೇಬಲ್ (ಆಲ್ಬಂ ಹೊರತರುವ ಸಂಸ್ಥೆ) ಇದ್ದರೆ ಹೊರಗೆ. ಟಿ-ಸೀರೀಸ್, ಸರೆಗಮದಂಥವು ಆ ಮೂರರಲ್ಲಿ ಬರುವುದಿಲ್ಲ ನಿಜ. ಹಾಗೆಂದು ಅವನ್ನು ಇಂಡೀ ಅಂದರೆ ಕೇಳಿದವರು ನಕ್ಕಾರು. ಅವನ್ನೂ ಹೊರಗಿಡಿ.

ಒಬ್ಬರೇ ಕಲಾವಿದರು ಈ ಗೆರೆಯನ್ನು ದಾಟುವುದುಂಟು. ಗಾಯಕ ಪ್ರತೀಕ್ ಕುಹಾಡ್ 2015ರಲ್ಲಿ ಸ್ವಂತವಾಗಿ ಆಲ್ಬಂ ಹೊರತಂದವರು, 2022ರ ಆಲ್ಬಂ ಬಂದದ್ದು ವಾರ್ನರ್ ಗುಂಪಿನ ಎಲೆಕ್ಟ್ರಾದಿಂದ. ಆದ್ದರಿಂದ ಕಲಾವಿದರ ಹೆಸರಿಗೆ ಮುದ್ರೆ ಒತ್ತಬೇಡಿ, ಪ್ರತಿ ಆಲ್ಬಮ್ಮಿಗೂ ‘ಪಿ’ ಸಾಲು ಓದಿ. ಇನ್ನೊಂದು ಗೊಂದಲ ನಮ್ಮ ಕಡೆಯದು. ಕನ್ನಡದಲ್ಲಿ ಸಿನಿಮಾದ್ದಲ್ಲದ ಹಾಡನ್ನೆಲ್ಲ ಇಂಡೀ ಅನ್ನುವ ರೂಢಿ ಬಂದಿದೆ. ಸಿನಿಮಾ ಅಲ್ಲದಿದ್ದರೂ ದೊಡ್ಡ ಆಡಿಯೋ ಕಂಪನಿಯ ಹಕ್ಕಿನ ಹಾಡು ಇಂಡೀ ಆಗುವುದಿಲ್ಲ. ಅದೇ ಅಳತೆಯಲ್ಲಿ, ಸಣ್ಣ ಸ್ಟುಡಿಯೋದಲ್ಲಿ ಮುದ್ರಿಸಿ ತಮ್ಮದೇ ಯೂಟ್ಯೂಬ್ ಚಾನೆಲ್ಲಿನಲ್ಲಿ ಬಿಡುವ, ಊರೂರಿನ ಟ್ರ್ಯಾಕ್ಟರುಗಳಲ್ಲಿ ಬಡಿಯುವ ನಮ್ಮ ಉತ್ತರ ಕರ್ನಾಟಕದ ಜಾನಪದ ಹಾಡುಗಳು ಅಪ್ಪಟ ಇಂಡೀ. ನಿಮ್ಮ ಪಟ್ಟಿಯಲ್ಲಿ ಅವು ಕಾಣದಿರಲು ಕಾರಣ, ಅವು ಬಹುತೇಕ ಒಂದೊಂದೇ ಹಾಡಾಗಿ ಬರುತ್ತವೆ, ಆಲ್ಬಂ ಆಗಿ ಬರುವುದಿಲ್ಲ. ಅವಕ್ಕೆ ಬಿಡಿ ಹಾಡುಗಳ ಬೇರೆ ಪಟ್ಟಿ ಮಾಡಿ. ಆಲ್ಬಂ ಪಟ್ಟಿಗಿಂತ ಅದೇ ಜೀವಂತವಾಗಿ ಬಂದರೂ ಬರಬಹುದು.

ಆಲ್ಬಂ ಎನ್ನಲು ಎಷ್ಟು ಹಾಡಿರಬೇಕು? ಆ್ಯಪುಗಳ ಲೆಕ್ಕ ಸಾಕು: 4ರಿಂದ 6 ಹಾಡು, 30 ನಿಮಿಷದೊಳಗೆ ಇದ್ದರೆ ಇಪಿ (ಚಿಕ್ಕ ಆಲ್ಬಂ), 7 ಅಥವಾ ಹೆಚ್ಚು ಹಾಡು, ಇಲ್ಲವೇ 30 ನಿಮಿಷ ಮೀರಿದರೆ ಆಲ್ಬಂ. ಹಿಂದೂಸ್ತಾನಿಗೆ ಹಾಡಿನ ಎಣಿಕೆ ಬಿಟ್ಟು ಸಮಯವನ್ನೇ ನೋಡಿ. ಎರಡೇ ರಾಗ, ಐವತ್ತು ನಿಮಿಷ ಇದ್ದದ್ದನ್ನು ಎರಡೇ ಹಾಡೆಂದು ತಳ್ಳಿದರೆ, ಕುಮಾರ ಗಂಧರ್ವರು ಹುಟ್ಟಿದ ಸೂಳೆಭಾವಿಯ ಸೀಮೆಯವರು ನಿಮ್ಮನ್ನು ಸುಮ್ಮನೆ ಬಿಡಲಾರರು.

ಇನ್ನು ವರ್ಷದ ಲೆಕ್ಕ. ದೀಪಾವಳಿ ಆಚೆಯ ಹೆಸರುಗಳೇ ತುಂಬಿಕೊಳ್ಳಲು ಕಾರಣ ಸರಳ: ಅವು ಕಿವಿಯಲ್ಲಿ ಇನ್ನೂ ಹಸಿ ಇರುತ್ತವೆ, ಮಾಘದಲ್ಲಿ ಕೇಳಿದ್ದು ಆರಿಹೋಗಿರುತ್ತದೆ. ಮದ್ದೂ ಸರಳ. ನಿಮ್ಮ ವರ್ಷವನ್ನು ನವೆಂಬರ್ 1ರಿಂದ ಅಕ್ಟೋಬರ್ 31ಕ್ಕೆ ಬದಲಿಸಿ. ನವೆಂಬರ್ ಪೂರ್ತಿ ಮತ್ತೆ ಕೇಳಲು, ಡಿಸೆಂಬರ್ ತೀರ್ಮಾನಕ್ಕೆ. ನವೆಂಬರಿನಲ್ಲಿ ಬಂದದ್ದು ಎಷ್ಟೇ ಚೆಂದವಿರಲಿ, ಮುಂದಿನ ವರ್ಷದ ಖಾತೆಗೆ. ಆಗ ಪಟ್ಟಿಯಲ್ಲಿರುವ ಕೊನೆಯ ಆಲ್ಬಮ್ಮಿಗೂ ಕನಿಷ್ಠ ಒಂದು ತಿಂಗಳ ಹಳತು ಇರುತ್ತದೆ. ಮತ್ತೆ ಕೇಳುವಾಗ ಹಳೆಯದರಿಂದ ಶುರು ಮಾಡಿ. ಹೊಸದರಿಂದ ಶುರುವಾದರೆ ಹಳೆಯದರ ಸರದಿ ಬರುವ ಹೊತ್ತಿಗೆ ತಿಂಗಳೇ ಮುಗಿದಿರುತ್ತದೆ.

ಬಿಡುಗಡೆಯ ದಿನಾಂಕವನ್ನು ಆ್ಯಪಿನಲ್ಲಿ ನೋಡಿ ನಂಬಬೇಡಿ. ಸ್ವತಂತ್ರ ಸಂಗೀತದಲ್ಲಿ ಒಂದೇ ಆಲ್ಬಂ ಎರಡು ಸಲ ಹುಟ್ಟುವುದು ಮಾಮೂಲು. ಬಾನ್ ಇವೇರ್ ತಂಡದ ಮೊದಲ ಆಲ್ಬಂ 2007ರ ಜುಲೈಯಲ್ಲಿ ಸ್ವಂತ ಖರ್ಚಿನಲ್ಲಿ ಹೊರಬಂದಿತ್ತು, ಜ್ಯಾಗ್‌ಜಾಗುವಾರ್ ಲೇಬಲ್ ಅದನ್ನು ಲೋಕಕ್ಕೆಲ್ಲ ಮುಟ್ಟಿಸಿದ್ದು 2008ರ ಫೆಬ್ರುವರಿಯಲ್ಲಿ. ಕಾರ್ ಸೀಟ್ ಹೆಡ್‌ರೆಸ್ಟ್ ತಂಡದವರು 2011ರಲ್ಲಿ ಸ್ವಂತವಾಗಿ ಬಿಟ್ಟ ಆಲ್ಬಮ್ಮನ್ನೇ ಪೂರ್ತಿ ಹೊಸದಾಗಿ ಮುದ್ರಿಸಿ 2018ರಲ್ಲಿ ಮ್ಯಾಟಡಾರ್ ಲೇಬಲ್ ಮೂಲಕ ತಂದರು. ನಿಯಮ ಹೀಗಿರಲಿ: ಅದೇ ಧ್ವನಿಮುದ್ರಣ ಮರುಬಿಡುಗಡೆ ಆದರೆ ಹಳೆಯ ವರ್ಷ, ಹೊಸದಾಗಿ ಹಾಡಿ ನುಡಿಸಿ ಮುದ್ರಿಸಿದ್ದರೆ ಹೊಸ ವರ್ಷ. ‘ರೀಮಾಸ್ಟರ್’ (ಹಳೆಯ ಧ್ವನಿಮುದ್ರಣಕ್ಕೇ ಹೊಸ ಮೆರುಗು) ಎಂದಿದ್ದರೆ ಕಣ್ಣು ಮುಚ್ಚಿ ಹೊರಗೆ ಹಾಕಿ. ಮೊದಲ ಬಿಡುಗಡೆ ಯಾವಾಗ ಎಂದು ತಿಳಿಯಲು ಡಿಸ್ಕಾಗ್ಸ್ ಅಥವಾ ಮ್ಯೂಸಿಕ್‌ಬ್ರೈನ್ಸ್ ಎಂಬ ಆಲ್ಬಂ ದಾಖಲೆಯ ಜಾಲತಾಣ ನೋಡಿದರೆ ಎರಡು ನಿಮಿಷದ ಕೆಲಸ.

ಆ್ಯಪಿನಲ್ಲಿ ಇಲ್ಲದ್ದು ಬಂದೇ ಇಲ್ಲ ಎಂದೂ ತಿಳಿಯಬೇಡಿ. 2024ರ ಮಾರ್ಚಿನಲ್ಲಿ ಬಂದ ಸಿಂಡಿ ಲೀ ಅವರ ‘ಡೈಮಂಡ್ ಜುಬಿಲಿ’ 32 ಹಾಡು, ಎರಡು ಗಂಟೆಯ ಆಲ್ಬಂ. ಮೊದಲಿಗೆ ಅದು ಸಿಕ್ಕಿದ್ದು ಯೂಟ್ಯೂಬಿನಲ್ಲಿ ಒಂದೇ ಉದ್ದನೆಯ ಕಡತವಾಗಿ, ಮತ್ತು ಹಳೇ ಕಾಲದ ಮಾದರಿಯ ಒಂದು ಜಾಲಪುಟದಲ್ಲಿ ಇಳಿಸಿಕೊಳ್ಳುವ ರೂಪದಲ್ಲಿ ಮಾತ್ರ. ಸ್ಪಾಟಿಫೈಯಲ್ಲಷ್ಟೇ ಹುಡುಕಿದವರ ಪಟ್ಟಿಯಿಂದ ಆ ವರ್ಷದ ಅತಿ ಹೆಚ್ಚು ಮಾತಾದ ಇಂಡೀ ಆಲ್ಬಮ್ಮೇ ಜಾರಿಹೋಯಿತು.

ಎಷ್ಟು ಕೇಳಬೇಕು? ಐದು ಮಂದಿ ಇರುವುದು ನಿಮ್ಮ ದೊಡ್ಡ ಬಲ. ಹೊಸ ಆಲ್ಬಂಗಳು ಜಗತ್ತಿನಾದ್ಯಂತ ಶುಕ್ರವಾರ ಬಿಡುಗಡೆ ಆಗುವ ಪದ್ಧತಿ 2015ರ ಜುಲೈಯಿಂದ ಇದೆ. ಒಬ್ಬೊಬ್ಬರು ವಾರಕ್ಕೊಂದು ಹೊಸ ಆಲ್ಬಂ ಕೇಳಿ, ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಮುಟ್ಟಬೇಡಿ. ವರ್ಷಕ್ಕೆ 260 ಆಲ್ಬಂ ಜರಡಿಗೆ ಬಿದ್ದಂತಾಯಿತು. ತಿಂಗಳ ಕೊನೆಗೆ ಪ್ರತಿಯೊಬ್ಬರೂ ಒಂದೇ ಒಂದನ್ನು ಉಳಿದವರಿಗೆ ದಾಟಿಸಿ. ವರ್ಷಕ್ಕೆ 60 ಆಗುತ್ತವೆ, ಅದರಲ್ಲಿ ನೀವು ಕೇಳದೆ ಇರುವವು 48. ಒಂದು ಆಲ್ಬಂ 45 ನಿಮಿಷ ಎಂದುಕೊಂಡರೆ ಸ್ವಂತ ಶೋಧಕ್ಕೆ 39 ಗಂಟೆ, ಗೆಳೆಯರು ಕಳಿಸಿದ್ದಕ್ಕೆ 36 ಗಂಟೆ. ವಾರಕ್ಕೆ ಒಂದೂವರೆ ಗಂಟೆ ಬೀಳುತ್ತದೆ, ಕೆಲಸಕ್ಕೆ ಹೋಗುವವರಿಗೂ ಸಾಧ್ಯ.

ಒಂದು ನೋಟ್‌ಬುಕ್ ಇಡಿ. ಹೆಸರು, ಬಿಡುಗಡೆ ದಿನ, ‘ಪಿ’ ಸಾಲಿನ ಹೆಸರು, ಒಟ್ಟು ನಿಮಿಷ, ಮೊದಲು ಕೇಳಿದ ದಿನ, ಪೂರ್ತಿ ಕೇಳದೆ ಹಾರಿಸಿಬಿಡಬೇಕೆನಿಸಿದ ಹಾಡುಗಳ ಸಂಖ್ಯೆ. ನಕ್ಷತ್ರ, ಹತ್ತಕ್ಕೆ ಎಂಟು ಇಂಥ ಅಂಕ ಕೊಡಬೇಡಿ. ಜನವರಿಯ ಎಂಟು, ಆಗಸ್ಟಿನ ಎಂಟು ಒಂದೇ ಆಗಿರುವುದಿಲ್ಲ, ಮನಸ್ಸಿನ ಅಳತೆಗೋಲು ನಡುವೆ ಹಿಗ್ಗಿರುತ್ತದೆ. ಅದಕ್ಕಿಂತ ಮೊದಲ ಕೇಳುವಿಕೆಯ ನಾಲ್ಕು ವಾರಗಳ ನಂತರ, ಮತ್ತೆ ಹಾಕದೆ, ಆ ಆಲ್ಬಮ್ಮಿನ ಎಷ್ಟು ಹಾಡಿನ ಧಾಟಿ ನೆನಪಿದೆ ಎಂದು ಬರೆಯಿರಿ. ಧಾಟಿ ಅಂಟದ, ಆದರೆ ವಾತಾವರಣದಿಂದಲೇ ಹಿಡಿಯುವ ಸಂಗೀತಕ್ಕೆ ಈ ಪರೀಕ್ಷೆ ಅನ್ಯಾಯ ಮಾಡುತ್ತದೆ. ಅಂಥದ್ದಕ್ಕೆ ‘ತಾನಾಗಿ ಮತ್ತೆ ಎಷ್ಟು ಸಲ ಹಾಕಿದೆ’ ಎಂಬುದೇ ಲೆಕ್ಕ. ಲಾಸ್ಟ್ ಎಫ್‌ಎಂ ಅಥವಾ ಲಿಸನ್‌ಬ್ರೈನ್ಸ್ ಖಾತೆ ಜೋಡಿಸಿದರೆ ಈ ಎಣಿಕೆ ತಾನೇ ದಾಖಲಾಗುತ್ತದೆ. ಮೂರು ಸಲ ಪೂರ್ತಿ ಕೇಳದ ಆಲ್ಬಮ್ಮಿಗೆ ಮತ ಇಲ್ಲ ಎಂದು ಮೊದಲೇ ಗೆರೆ ಎಳೆಯಿರಿ.

ಈಗ ಸದ್ದಿನ ಮಟ್ಟಕ್ಕೆ ಬರೋಣ. ಪಟ್ಟಿಗಳು ಹೆಚ್ಚು ಕೆಡುವುದು ಇಲ್ಲೇ. ಒಂದೇ ಹಾಡನ್ನು ಒಂದು ಡೆಸಿಬೆಲ್ ಜೋರಾಗಿ ಕೇಳಿಸಿದರೆ ‘ಜೋರು’ ಅನಿಸುವುದಿಲ್ಲ, ‘ಇನ್ನೂ ಸ್ಪಷ್ಟ, ತುಂಬು’ ಅನಿಸುತ್ತದೆ. ಜೋರಾಗಿ ಮಾಸ್ಟರ್ ಮಾಡಿದ (ಬಿಡುಗಡೆಗೆ ಮೊದಲು ಅಂತಿಮ ಸದ್ದು ಹದಗೊಳಿಸಿದ) ಆಲ್ಬಂ, ಮೆಲುವಾಗಿ ಮಾಸ್ಟರ್ ಮಾಡಿದ್ದನ್ನು ಹೀಗೆ ಮೋಸದಿಂದ ಸೋಲಿಸುತ್ತದೆ. ಮನೆಯಲ್ಲೇ ಮುದ್ರಿಸಿದ ಇಂಡೀ ಆಲ್ಬಂಗಳು ಎರಡೂ ತುದಿಯಲ್ಲಿ ಇರುತ್ತವೆ. ಸ್ಪಾಟಿಫೈಯ ಸೆಟ್ಟಿಂಗ್ಸಿನಲ್ಲಿ ಸದ್ದು ಸಮ ಮಾಡುವ ‘ಆಡಿಯೋ ನಾರ್ಮಲೈಸೇಶನ್’ ಆನ್ ಮಾಡಿ, ಮಟ್ಟವನ್ನು ‘ನಾರ್ಮಲ್’ನಲ್ಲೇ ಇಡಿ. ಅದು ಹಾಡಿನ ಜೋರನ್ನು, ಜೋರು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತರುತ್ತದೆ. ‘ಲೌಡ್’ ಬೇಡ, ಅಲ್ಲಿ ಲಿಮಿಟರ್ (ಜೋರಾದ ತುದಿಗಳನ್ನು ಅದುಮುವ ವ್ಯವಸ್ಥೆ) ಸೇರಿಕೊಂಡು ಮೆಲುದನಿಯ ಹಾಡಿನ ಏರಿಳಿತ ತಿನ್ನುತ್ತದೆ. ಆಪಲ್‌ನಲ್ಲಿ ಇದಕ್ಕೆ ‘ಸೌಂಡ್ ಚೆಕ್’ ಎನ್ನುತ್ತಾರೆ, ಮಟ್ಟ ಸುಮಾರು ಮೈನಸ್ 16. ಯೂಟ್ಯೂಬ್ ಜೋರಿದ್ದುದನ್ನು ತಗ್ಗಿಸುತ್ತದೆ, ಮೆಲ್ಲಗಿದ್ದುದನ್ನು ಏರಿಸುವುದಿಲ್ಲ. ಹಾಗಾಗಿ ಒಂದು ಆಲ್ಬಂ ಸ್ಪಾಟಿಫೈಯಲ್ಲಿ, ಇನ್ನೊಂದು ಯೂಟ್ಯೂಬಿನಲ್ಲಿ ಕೇಳಿ ಹೋಲಿಸಿದರೆ ಆ ಹೋಲಿಕೆಗೆ ಬೆಲೆಯಿಲ್ಲ. ಅಂತಿಮ ಸುತ್ತಿನವು ಎಲ್ಲವೂ ಒಂದೇ ದಾರಿಯಲ್ಲಿ ಬರಲಿ.

ಆಲ್ಬಮನ್ನು ಕ್ರಮವಾಗಿ ಹಾಕಿ, ಷಫಲ್ (ಹಾಡುಗಳನ್ನು ಕಲೆಸಿ ಹಾಕುವುದು) ಆಫ್ ಮಾಡಿ. ಕ್ರಮವಾಗಿ ಹಾಕಿದಾಗ ಸ್ಪಾಟಿಫೈ ಇಡೀ ಆಲ್ಬಮ್ಮಿಗೆ ಒಂದೇ ತಿದ್ದುಪಡಿ ಮಾಡುತ್ತದೆ, ಮೆಲ್ಲನೆಯ ಹಾಡು ಮೆಲ್ಲಗೇ ಉಳಿಯುತ್ತದೆ. ಷಫಲ್‌ನಲ್ಲಿ ಒಂದೊಂದು ಹಾಡನ್ನೂ ಬೇರೆಯಾಗಿ ಎತ್ತುವುದರಿಂದ ಕಲಾವಿದರು ಇಟ್ಟ ಏರಿಳಿತ ಸಪಾಟಾಗುತ್ತದೆ. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆ ಇನ್ನೊಂದರಲ್ಲಿ ಬೆರೆಯುವುದು) ಸೊನ್ನೆ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಖಾಲಿ ಬಿಡದಿರುವುದು) ಆನ್. ಇಳಿಸಿಕೊಂಡ ಕಡತಗಳಿಗೆ ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಪ್ಲೇಯರ್ ಹಾಕಿಕೊಂಡು, ಹಾಡುಗಳನ್ನೆಲ್ಲ ಆಯ್ದು, ಸದ್ದು ಅಳೆದು ಸಮ ಮಾಡುವ ರೀಪ್ಲೇಗೇನ್ ಸ್ಕ್ಯಾನನ್ನು ‘ಒಂದೇ ಆಲ್ಬಂ’ ಎಂಬ ಆಯ್ಕೆಯಲ್ಲಿ ಮಾಡಿ, ಪ್ಲೇಬ್ಯಾಕ್ ಸೆಟ್ಟಿಂಗ್ಸಿನಲ್ಲೂ ‘ಆಲ್ಬಂ’ ಎಂದೇ ಇಡಿ. ಫೋನಿನ ಈಕ್ವಲೈಸರ್, ಡಾಲ್ಬಿ, ‘ಬಾಸ್ ಬೂಸ್ಟ್’ ಎಲ್ಲವನ್ನೂ ಆಫ್ ಮಾಡಿ.

ಕಡತದ ಗುಣಮಟ್ಟದ ಬಗ್ಗೆ ನಿಮ್ಮಲ್ಲಿ ಯಾರಾದರೂ ವಾದ ತೆಗೆಯುವುದು ಖಾತ್ರಿ. ಕುಗ್ಗಿಸಿದ 320 ಕೆಬಿಪಿಎಸ್ ಕಡತದಲ್ಲಿ 45 ನಿಮಿಷದ ಆಲ್ಬಂ ಸುಮಾರು 108 ಎಂಬಿ, ಗುಣ ಕಳೆಯದ ಫ್ಲಾಕ್‌ನಲ್ಲಿ 250ರಿಂದ 300 ಎಂಬಿ. ಆ ವ್ಯತ್ಯಾಸದಿಂದ ಯಾರ ಪಟ್ಟಿಯೂ ಬದಲಾಗದು. ಸದ್ದಿನ ಮಟ್ಟ, ಕೋಣೆ, ಇಯರ್‌ಫೋನಿನ ಕೂರುವಿಕೆ ಇವು ಬದಲಿಸುತ್ತವೆ.

ಗೆಳೆಯನ ಇಯರ್‌ಫೋನಿನಲ್ಲಿ ಸಪ್ಪೆ ಅನಿಸಿದ್ದು ಹೆಚ್ಚಾಗಿ ಕಿವಿಯೊಳಗೆ ರಬ್ಬರ್ ತುದಿ ಬಿಗಿಯಾಗಿ ಕೂರದೆ ಇದ್ದುದರಿಂದ. ಸಣ್ಣ ಸಂದಿಯಾದರೂ ಸಾಕು, ಬಾಸ್ ಸೋರಿಹೋಗಿ ಬರೀ ಚುರುಕು ಸದ್ದು ಉಳಿಯುತ್ತದೆ. ಡಬ್ಬಿಯಲ್ಲಿ ಬಂದ ಮೂರೂ ಅಳತೆ ಹಾಕಿ ನೋಡಲಿ. ಎರಡು ಕಿವಿಗೆ ಎರಡು ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ಚಿಕ್ಕ ಬ್ಲೂಟೂತ್ ಸ್ಪೀಕರುಗಳಲ್ಲಿ ಬಹಳಷ್ಟು ಎಡ-ಬಲವನ್ನು ಒಂದೇ ಮಾಡಿಬಿಡುತ್ತವೆ. ತೀರ್ಪಿಗೆ ಅವು ಬೇಡ.

ಒಟ್ಟಿಗೆ ಕೂತು ಕೇಳುವುದಾದರೆ ಕೋಣೆಯನ್ನು ಒಂದಿಷ್ಟು ತಿದ್ದಬೇಕು. ಹತ್ತು ಹನ್ನೆರಡು ಅಡಿಯ ಆರ್‌ಸಿಸಿ ಕೋಣೆ, ಟೈಲ್ಸ್ ನೆಲ, ಬರಿಗೋಡೆ ಎಂದುಕೊಳ್ಳುತ್ತೇನೆ. ನಡುವೆ ನಿಂತು ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಲೋಹದಂಥ ಬಾಲ ಬಂದರೆ ಎದುರುಬದುರಿನ ಗೋಡೆಗಳು ಸದ್ದನ್ನು ಅತ್ತಿಂದಿತ್ತ ಎಸೆಯುತ್ತಿವೆ ಎಂದರ್ಥ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಅದು ನೋಡಲು ಬರುವ ಸೊಬಗು, ಆಲ್ಬಂ ತೂಗುವ ಕೋಣೆಯಲ್ಲಿ ಅದರ ತುಣುಕೂ ಬೇಡ. ಸ್ಪೀಕರ್ ಎರಡನ್ನೂ ಹನ್ನೆರಡು ಅಡಿಯ ಉದ್ದಕ್ಕೆ ಮುಖ ಮಾಡಿ, ಹಿಂದಿನ ಗೋಡೆಯಿಂದ ಎರಡೂವರೆಯಿಂದ ಮೂರಡಿ ಮುಂದೆ, ಒಂದಕ್ಕೊಂದು ಆರಡಿ ದೂರದಲ್ಲಿಡಿ. ಟ್ವೀಟರ್ (ಸ್ಪೀಕರಿನಲ್ಲಿ ಮೇಲುಸ್ವರ ಹೊರಡಿಸುವ ಚಿಕ್ಕ ಭಾಗ) ಕೂತವರ ಕಿವಿಯ ಎತ್ತರಕ್ಕೆ ಬರಲಿ. ಕೇಳುವವರು ಎರಡೂ ಸ್ಪೀಕರಿನಿಂದ ಆರಡಿಗೆ ಕೂತರೆ ಅವರ ಬೆನ್ನ ಹಿಂದಿನ ಗೋಡೆ ನಾಲ್ಕಡಿ ಉಳಿಯುತ್ತದೆ. ಕೋಣೆಯ ನಟ್ಟನಡುವೆ ಕೂರಬಾರದು, ಗೋಡೆಗೆ ಒರಗಿಯೂ ಕೂರಬಾರದು. ಹನ್ನೆರಡು ಅಡಿಯ ಉದ್ದದಲ್ಲಿ ಸುಮಾರು 47 ಹರ್ಟ್ಸ್‌ನ, ಹತ್ತಡಿಯ ಅಗಲದಲ್ಲಿ 56 ಹರ್ಟ್ಸ್‌ನ ಬಾಸ್ ಸದ್ದು ಗೋಡೆಗಳ ನಡುವೆ ಸಿಕ್ಕಿಕೊಂಡು ಉಳಿದುಬಿಡುತ್ತದೆ. ನಡುವಿನಲ್ಲಿ ಅದು ಮಾಯ, ಗೋಡೆಯ ಹತ್ತಿರ ಗುಮ್ಮೆನ್ನುತ್ತದೆ. ಒಂದೇ ಆಲ್ಬಮ್ಮಿನ ಬಾಸ್ ಬಗ್ಗೆ ಒಂದೇ ಕೋಣೆಯ ಇಬ್ಬರು ಕಚ್ಚಾಡುವುದು ಇದಕ್ಕೇ.

ಸದ್ದು ಹೀರುವ ವಸ್ತು ಕೊಳ್ಳಬೇಕಿಲ್ಲ, ಮನೆಯಲ್ಲಿ ಕೌದಿ ಇವೆಯಲ್ಲ. ಗೆಳೆಯನೊಬ್ಬ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋಗಲಿ. ಕೂತಲ್ಲಿಂದ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ ಕೌದಿಯನ್ನು ಎರಡು ಮಡಿಕೆ ಮಾಡಿ ತೂಗುಹಾಕಿ. ಗೋಡೆಗೆ ಅಂಟಿಸದೆ ನಾಲ್ಕು ಇಂಚು ಬಿಡಿ. ಆ ಸಂದಿಯಿಂದ ಹೀರುವಿಕೆ ಇನ್ನೂ ಕೆಳಗಿನ ಸ್ವರದವರೆಗೆ, ಸುಮಾರು 850 ಹರ್ಟ್ಸ್‌ವರೆಗೆ, ಚೆನ್ನಾಗಿ ಇಳಿಯುತ್ತದೆ. ಬೆನ್ನ ಹಿಂದೆ ಇನ್ನೊಂದು, ನೆಲಕ್ಕೆ ಜಮಖಾನೆ. ಬಾಸ್‌ಗೆ ಕೌದಿಯಿಂದ ಏನೂ ಆಗುವುದಿಲ್ಲ, ಅದಕ್ಕೆ ಕೂರುವ ಜಾಗವೇ ಮದ್ದು. ಸರಿಯಾದ ಜಾಗ ಒಬ್ಬರಿಗೇ ಸಿಗುವುದರಿಂದ ಹಾಡಿಗೊಬ್ಬರಂತೆ ಅದಲುಬದಲಾಗಿ.

ಫ್ಯಾನಿನ ಮಾತು ಬಿಡುವಂತಿಲ್ಲ. ನಲವತ್ತು ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಆರಿಸಿ ಎಂದು ಯಾರಿಗೂ ಹೇಳಲಾಗದು. ಆದರೆ ಅದರ ಸದ್ದು ಹಾಡಿನ ಮೆಲುಕೊನೆಗಳನ್ನು ಮುಚ್ಚುತ್ತದೆ, ಜನ ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾರೆ. ಬೇಸಿಗೆಯ ಆಲ್ಬಂಗಳನ್ನು ಬೆಳಗಿನ ಜಾವ ಕೇಳಿ. ಸದ್ದಿನ ಮಟ್ಟ ಅಳೆಯುವ ಆ್ಯಪ್ ಒಂದನ್ನು ಒಂದೇ ಫೋನಿನಲ್ಲಿ ಇಟ್ಟುಕೊಂಡು, ಕೂತ ಜಾಗದಲ್ಲಿ 75 ಡೆಸಿಬೆಲ್ ಆಸುಪಾಸು ಹಿಡಿಯಿರಿ. ಫೋನಿನ ಮೀಟರ್ ನಿಖರ ಅಲ್ಲ, ಆದರೆ ನಿನ್ನೆಯಷ್ಟೇ ಇಂದೂ ಇದೆಯೇ ಎಂದು ತಿಳಿಯಲು ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ.

ಮತದಾನ. ಮೊದಲು ಪ್ರತಿಯೊಬ್ಬರೂ 60ರಿಂದ 12ಕ್ಕೆ ಇಳಿಸಿ. ಆ ಹನ್ನೆರಡನ್ನು ಜೋಡಿ ಜೋಡಿಯಾಗಿ ಹೋಲಿಸಿ ಸಾಲಾಗಿಡಿ. ಎಲ್ಲ ಜೋಡಿಗೂ ಹೋದರೆ 66 ಹೋಲಿಕೆ. ಬದಲಿಗೆ ಈಗಾಗಲೇ ಜೋಡಿಸಿದ ಸಾಲಿನ ನಡುವಿನದರೊಂದಿಗೆ ಹೊಸದನ್ನು ಹೋಲಿಸಿ, ಮೇಲೋ ಕೆಳಗೋ ತಿಳಿದು, ಆ ಅರ್ಧದ ನಡುವಿನದಕ್ಕೆ ಹೋಗುತ್ತ ಜಾಗ ಹಿಡಿದರೆ ಹೆಚ್ಚೆಂದರೆ 33ರಲ್ಲಿ ಮುಗಿಯುತ್ತದೆ. ‘ಇವೆರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬಹುದು’ ಎಂದರೆ ಯಾವುದು? ಅಷ್ಟೇ ಪ್ರಶ್ನೆ. ಕೊನೆಯ ಎರಡನ್ನು ಬಿಡಿ.

ಐದು ಪಟ್ಟಿಗಳನ್ನು ಕೂಡಿಸಲು ಮೊದಲ ಸ್ಥಾನಕ್ಕೆ ಹತ್ತು, ಎರಡಕ್ಕೆ ಒಂಬತ್ತು ಎಂಬ ಸಾಮಾನ್ಯ ಲೆಕ್ಕ ನನಗೆ ಹಿಡಿಸುವುದಿಲ್ಲ. ಯಾರೂ ಪ್ರಾಣ ಬಿಡದ, ಎಲ್ಲರೂ ಸಹಿಸುವ ಆಲ್ಬಮ್ಮೇ ಅದರಲ್ಲಿ ಗೆಲ್ಲುತ್ತದೆ. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ ದಶಕಗಳ ಕಾಲ ವಿಮರ್ಶಕರಿಂದ ಮಾಡಿಸಿದ ಪಾಝ್ ಆ್ಯಂಡ್ ಜಾಪ್ ಮತದಾನದ ಪದ್ಧತಿ ಇದಕ್ಕಿಂತ ಒಳ್ಳೆಯದು: ಒಬ್ಬರಿಗೆ 100 ಅಂಕ, ಹತ್ತು ಆಲ್ಬಮ್ಮಿಗೆ ಹಂಚಬೇಕು, ಒಂದಕ್ಕೆ 5ಕ್ಕಿಂತ ಕಡಿಮೆ ಇಲ್ಲ, 30ಕ್ಕಿಂತ ಹೆಚ್ಚಿಲ್ಲ. ಹುಚ್ಚು ಪ್ರೀತಿಗೆ ಜಾಗವಿದೆ, ಆದರೆ ಒಬ್ಬರ ಹುಚ್ಚಿನಿಂದ ಪಟ್ಟಿ ಪೂರ್ತಿ ವಾಲದು. ಚೀಟಿಗಳನ್ನು ಮಾತಿಗೆ ಮೊದಲೇ ಬರೆದು ಮಡಿಸಿಡಿ. ಮಾತಾಡಿದ ಮೇಲೆ ಬರೆದರೆ ಗಟ್ಟಿ ಗಂಟಲಿನವರ ಪಟ್ಟಿಯನ್ನೇ ಐದು ಸಲ ಬರೆದಂತೆ. ಅಂಕ ಸಮವಾದರೆ ಹೆಚ್ಚು ಮಂದಿ ಮತ ಹಾಕಿದ್ದು ಮೇಲೆ.

ಇನ್ನು ಕೊಳ್ಳುವುದು. ನೀವು ಐವರೂ ಒಂದು ಆಲ್ಬಮನ್ನು ಇಪ್ಪತ್ತು ಸಲ ಕೇಳಿದರೂ ಒಂದೊಂದು ಹಾಡಿಗೆ ಬೀಳುವುದು ನೂರು ಸ್ಟ್ರೀಮ್. 2024ರಿಂದ ಸ್ಪಾಟಿಫೈಯಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸ್ಟ್ರೀಮ್ ದಾಟದ ಹಾಡಿನ ಧ್ವನಿಮುದ್ರಣಕ್ಕೆ ರಾಯಧನವೇ ಲೆಕ್ಕಕ್ಕೆ ಬರುವುದಿಲ್ಲ. ಕಲಾವಿದರು ನೇರವಾಗಿ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ಕೊಂಡರೆ ಅವರು ಡಿಜಿಟಲ್ ಮಾರಾಟದಲ್ಲಿ ಶೇ 15, ಸಿಡಿ, ಟಿ-ಶರ್ಟ್ ಮುಂತಾದವಕ್ಕೆ ಶೇ 10 ಹಿಡಿಯುತ್ತಾರೆ. ಪಾವತಿ ಖರ್ಚೂ ಕಳೆದು ಸರಾಸರಿ ಶೇ 82 ಕಲಾವಿದರಿಗೋ ಅವರ ಲೇಬಲ್ಲಿಗೋ ಮುಟ್ಟುತ್ತದೆ ಎನ್ನುತ್ತದೆ ಕಂಪನಿ. 2020ರ ಮಾರ್ಚಿನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ಕಂಪನಿ ತನ್ನ ಪಾಲು ಬಿಡುವುದರಿಂದ ಅದು ಶೇ 93ರ ಹತ್ತಿರ ಹೋಗುತ್ತದೆ. ಎಲ್ಲ ಶುಕ್ರವಾರವೂ ಅಲ್ಲ, ದಿನಾಂಕ ನೋಡಿಕೊಳ್ಳಿ.

ಕಾರ್ಡು ತಿರಸ್ಕಾರವಾದರೆ ಗಾಬರಿ ಬೇಡ. 2020ರ ಮಾರ್ಚಿನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಆನ್ ಮಾಡಿ, ಮಿತಿಯನ್ನು ಬೇಕಾದಷ್ಟಕ್ಕೇ ಇಟ್ಟು, ಕೊಂಡ ಮೇಲೆ ಮುಚ್ಚಿ. ಡಾಲರ್ ವಿನಿಮಯಕ್ಕೆ ಬ್ಯಾಂಕು ಸೇರಿಸುವ ಶೇಕಡಾ ಎರಡರಿಂದ ಮೂರೂವರೆಯನ್ನೂ ಲೆಕ್ಕ ಹಾಕಿ. ಐವರೂ ಐದು ಬೇರೆ ಆಲ್ಬಂ ಕೊಂಡು ಕಡತ ಹಂಚಿಕೊಳ್ಳುವ ಆಲೋಚನೆ ಇದ್ದರೆ ಕೈಬಿಡಿ. ಒಂದನ್ನೇ ಐವರೂ ಕೊಂಡರೆ ಆ ಕಲಾವಿದರಿಗೆ ಅದು ಕಣ್ಣಿಗೆ ಕಾಣುವ ಮೊತ್ತ.

ವಿನೈಲ್ (ಗ್ರಾಮಫೋನ್ ತಟ್ಟೆಯ ಮಾದರಿಯ ರೆಕಾರ್ಡು) ಕೊಳ್ಳುವ ಮನಸ್ಸಾದರೆ ಅದನ್ನು ನುಡಿಸುವ ಟರ್ನ್‌ಟೇಬಲ್ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಇದ್ದರೂ ನಮ್ಮ ಬಿಸಿಲಿಗೆ ಎಚ್ಚರ ಬೇಕು. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ಟರೆ ತಟ್ಟೆ ಸೊಟ್ಟಗಾಗುತ್ತದೆ. ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಕೊರಿಯರ್ ಬರುವುದು ಮೇ ತಿಂಗಳಲ್ಲಾದರೆ ಆರ್ಡರನ್ನೇ ಮಳೆಗಾಲಕ್ಕೆ ಮುಂದೂಡಿ. ಡಿಜಿಟಲ್ ಕೊಂಡರೆ ಫ್ಲಾಕ್ ರೂಪದಲ್ಲಿ ಅಂದೇ ಇಳಿಸಿಕೊಂಡು ಎರಡು ಕಡೆ ನಕಲು ಇಡಿ. ಕಲಾವಿದರು ಲೇಬಲ್ ಬದಲಿಸಿದಾಗ ಹಳೆಯ ಪುಟವೇ ಕಾಣೆಯಾಗುವುದುಂಟು.